ಶಾಕಲ್ಟನ್ ಪಾಠದಲ್ಲಿ ಬಿಟ್ಟುಹೋದವರು

ಪುಣೆಯ ಕಂಪನಿಗಳಲ್ಲಿ ಹೊಸದಾಗಿ ಟೀಮ್ ಲೀಡ್ ಆದವರಿಗೆ, ಮ್ಯಾನೇಜರ್ ಆದವರಿಗೆ ನಡೆಯುವ ನಾಯಕತ್ವದ ತರಬೇತಿಗಳಲ್ಲಿ ಅರ್ನೆಸ್ಟ್ ಶಾಕಲ್ಟನ್ ಹೆಸರು ಬರದೇ ಇರುವುದು ಅಪರೂಪ. ಪರದೆಯ ಮೇಲೆ ಫ್ರಾಂಕ್ ಹರ್ಲಿ ತೆಗೆದ ಆ ಪ್ರಸಿದ್ಧ ಚಿತ್ರ ಮೂಡುತ್ತದೆ: ಅಂಟಾರ್ಕ್ಟಿಕದ ವೆಡೆಲ್ ಸಮುದ್ರದ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡು ಒಂದು ಮಗ್ಗುಲಿಗೆ ವಾಲಿದ 'ಎಂಡ್ಯೂರೆನ್ಸ್' ಹಡಗು. ತರಬೇತುದಾರರು ಕಥೆ ಶುರು ಮಾಡುತ್ತಾರೆ. ಹಡಗು 1915ರ ಜನವರಿಯಲ್ಲಿ ಸಿಕ್ಕಿಬಿತ್ತು, ನವೆಂಬರ್‌ನಲ್ಲಿ ಮುಳುಗಿತು, 28 ಜನ ತೇಲುವ ಹಿಮದ ಮೇಲೆ ತಿಂಗಳುಗಟ್ಟಲೆ ಬದುಕಿದರು, ದೋಣಿಗಳಲ್ಲಿ ಎಲಿಫೆಂಟ್ ದ್ವೀಪ ಮುಟ್ಟಿದರು, ಅಲ್ಲಿಂದ ಆರು ಜನ ಪುಟ್ಟ ದೋಣಿಯೊಂದರಲ್ಲಿ ಜಗತ್ತಿನ ಅತಿ ಕೆಟ್ಟ ಸಮುದ್ರವನ್ನು ದಾಟಿ ಸಹಾಯ ತಂದರು, ಒಬ್ಬನೂ ಸಾಯಲಿಲ್ಲ. ಆಮೇಲೆ 'ಇದರಿಂದ ನಾವು ಕಲಿಯುವುದೇನು' ಎಂಬ ಪಟ್ಟಿ ಬರುತ್ತದೆ.

ಇಂಥ ಕೋಣೆಗಳಲ್ಲಿ ಕೂತು ನಾನೂ ಈ ಕಥೆ ಕೇಳಿದ್ದೇನೆ, ಕೇಳಿದಾಗಲೆಲ್ಲ ಮೈ ಜುಮ್ಮೆಂದಿದೆ. ಶಾಕಲ್ಟನ್ ಮೇಲೆ ನನಗೆ ಗೌರವವಿದೆ. ತಕರಾರಿರುವುದು ಪಾಠ ಕಟ್ಟಿದ ರೀತಿಯ ಮೇಲೆ. ಧ್ರುವಯಾತ್ರೆಗಳಿಂದ ನಾಯಕತ್ವ ಕಲಿಯುವುದಾದರೆ ಕಥೆಯ ಅರ್ಧವನ್ನು ಮಾತ್ರ ಹೇಳಿ, ಬದುಕಿ ಬಂದವರ ತಲೆ ಎಣಿಸಿ, ನಾಯಕನಿಗೆ ಅಂಕ ಕೊಡುವ ಈ ಪದ್ಧತಿ ದಾರಿ ತಪ್ಪಿಸುತ್ತದೆ ಎಂಬುದು ನನ್ನ ವಾದ. ಅದರಲ್ಲೂ ಪುಣೆಯಲ್ಲಿ ಈ ಪಾಠ ಅಪೂರ್ಣವಾಗಿರುವುದಕ್ಕೆ ನೆಪವೇ ಇಲ್ಲ. ಏಕೆಂದರೆ ಆ ಕಾಲದ ಇನ್ನೊಂದು ದೊಡ್ಡ ಯಾತ್ರೆಯ ಒಂದು ನಿರ್ಣಾಯಕ ಎಳೆ ಇದೇ ಊರಿನ ಶಿವಾಜಿನಗರದ ಒಂದು ಕಚೇರಿಗೆ ಬಂದು ಸೇರುತ್ತದೆ.

ಮೊದಲು ಶಾಕಲ್ಟನ್‌ಗೆ ಸಲ್ಲಬೇಕಾದ್ದನ್ನು ಸಲ್ಲಿಸೋಣ. ಮನುಷ್ಯರನ್ನು ಓದುವ ಕಲೆಯಲ್ಲಿ ಅವನಿಗೆ ಸಾಟಿ ಕಡಿಮೆ. ಡೇರೆಗಳಲ್ಲಿ ಯಾರು ಯಾರ ಜೊತೆ ಮಲಗಬೇಕು ಎಂಬುದನ್ನು ಅವನೇ ಗೊತ್ತು ಮಾಡಿದ. ಗೊಣಗುವವರನ್ನು, ತನ್ನ ಮಾತಿಗೆ ಅಡ್ಡ ಬರಬಹುದಾದವರನ್ನು ದೂರ ತಳ್ಳದೆ ತನ್ನ ಡೇರೆಗೇ ಕರೆದುಕೊಂಡ. ಹೊಗಳಿಕೆ ಬಯಸುತ್ತಿದ್ದ ಹರ್ಲಿಗೆ ಅಲ್ಲಿ ಜಾಗ ಸಿಕ್ಕಿದ್ದು ಹೀಗೆ. ದೋಣಿಯಲ್ಲಿ ಒಬ್ಬ ಚಳಿಗೆ ಸೋಲುತ್ತಿರುವುದು ಕಣ್ಣಿಗೆ ಬಿದ್ದರೆ ಅವನ ಹೆಸರೆತ್ತದೆ ಎಲ್ಲರಿಗೂ ಬಿಸಿ ಹಾಲು ಕಾಯಿಸಲು ಹೇಳುತ್ತಿದ್ದ. ಸೋತವನು ತನ್ನಿಂದಾಗಿ ಎಲ್ಲರಿಗೂ ತೊಂದರೆ ಎಂದು ಕುಗ್ಗಬಾರದಲ್ಲ. ಎಲಿಫೆಂಟ್ ದ್ವೀಪದಲ್ಲಿ ಉಳಿದ 22 ಜನರನ್ನು ನೋಡಿಕೊಂಡ ಫ್ರಾಂಕ್ ವೈಲ್ಡ್ ಇದೇ ಗರಡಿಯವನು. ಬೋರಲು ಹಾಕಿದ ಎರಡು ದೋಣಿಗಳ ಕೆಳಗೆ, ಸೀಲ್ ಮತ್ತು ಪೆಂಗ್ವಿನ್ ಮಾಂಸ ತಿಂದುಕೊಂಡು, ಹುಡುಗನೊಬ್ಬನ ಹಿಮಹುಣ್ಣು ಹಿಡಿದ ಕಾಲ್ಬೆರಳುಗಳನ್ನು ಅಲ್ಲೇ ಕತ್ತರಿಸಿ ತೆಗೆದು, ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಅವರು ಕಾದರು. ಹಾಸಿಗೆ ಚೀಲಗಳನ್ನು ಸುತ್ತಿಡಿ, ಯಜಮಾನ ಇವತ್ತೇ ಬರಬಹುದು ಎಂದು ವೈಲ್ಡ್ ದಿನಾ ಬೆಳಿಗ್ಗೆ ಹೇಳಿಸುತ್ತಿದ್ದ. ಚಿಲಿ ದೇಶದ ಲೂಯಿಸ್ ಪಾರ್ದೊ ನಡೆಸಿದ 'ಯೆಲ್ಚೊ' ಎಂಬ ಸಣ್ಣ ಹಡಗು, ಮೂರು ಪ್ರಯತ್ನಗಳು ಕೈಗೂಡದೆ ಹೋದ ಮೇಲೆ, 1916ರ ಆಗಸ್ಟ್ 30ರಂದು ದ್ವೀಪ ತಲುಪಿತು. ಈ ಭಾಗವನ್ನು ಕಲಿಸುವವರು ಸರಿಯಾಗಿಯೇ ಕಲಿಸುತ್ತಾರೆ. ಪಾರ್ದೊ ಹೆಸರು ಹೇಳುವುದನ್ನು ಮಾತ್ರ ಮರೆಯುತ್ತಾರೆ.

ಹೇಳದೇ ಬಿಡುವುದು ಇನ್ನೊಂದು ದೊಡ್ಡ ಭಾಗ. ಶಾಕಲ್ಟನ್ ಯೋಜನೆ ಎರಡು ಹಡಗುಗಳದ್ದು. ಅವನು ವೆಡೆಲ್ ಸಮುದ್ರದ ಕಡೆಯಿಂದ ಇಳಿದು ಧ್ರುವ ದಾಟಿ ಖಂಡದ ಆಚೆ ಬದಿಗೆ ನಡೆದು ಬರಬೇಕು. ಆಚೆ ಬದಿಯ ರಾಸ್ ಸಮುದ್ರಕ್ಕೆ 'ಆರೋರಾ' ಹಡಗಿನಲ್ಲಿ ಹೋದ ತಂಡ ಅವನ ದಾರಿಯುದ್ದಕ್ಕೂ ಆಹಾರದ ದಾಸ್ತಾನು ಇಡಬೇಕು. ಆ ತಂಡದ ನಾಯಕ ಈನಿಯಸ್ ಮ್ಯಾಕಿಂಟಾಷ್ ಸಿಡ್ನಿಗೆ ಬಂದು ನೋಡಿದಾಗ ಹಡಗು ರಿಪೇರಿಯಾಗದೆ ನಿಂತಿತ್ತು. ಕೊಡುತ್ತೇನೆಂದಿದ್ದ ಹಣವನ್ನು ಶಾಕಲ್ಟನ್ ಅರ್ಧಕ್ಕೆ ಇಳಿಸಿದ್ದ. ಉಳಿದದ್ದನ್ನು ದಾನವಾಗಿಯೋ ಸಾಲವಾಗಿಯೋ ಹೊಂದಿಸಿಕೊ ಎಂದು ತಿಳಿಸಿದ್ದ. 1915ರ ಮೇ ತಿಂಗಳಲ್ಲಿ ಬಿರುಗಾಳಿಗೆ 'ಆರೋರಾ' ಲಂಗರು ಕಿತ್ತುಕೊಂಡು ಸಮುದ್ರಕ್ಕೆ ತೇಲಿಹೋಯಿತು. ದಡದಲ್ಲಿ ಹತ್ತು ಜನ ಉಳಿದರು. ಅವರ ಬಟ್ಟೆಬರೆ, ಆಹಾರ, ಇಂಧನದ ಬಹುಪಾಲು ಹಡಗಿನಲ್ಲೇ ಇತ್ತು. ಹಿಂದೆ ಇಲ್ಲಿಗೆ ಬಂದಿದ್ದ ರಾಬರ್ಟ್ ಸ್ಕಾಟ್ ತಂಡ ಬಿಟ್ಟುಹೋಗಿದ್ದ ಗುಡಿಸಲನ್ನು ತಡಕಿ, ಹಳೆಯ ಡೇರೆಯ ಕ್ಯಾನ್ವಾಸಿನಿಂದ ಪ್ಯಾಂಟು ಹೊಲಿದುಕೊಂಡು, ನಾಲ್ಕೇ ನಾಯಿಗಳನ್ನು ಕಟ್ಟಿಕೊಂಡು ಅವರು ಕೆಲಸಕ್ಕೆ ಹೊರಟರು. ನಾವು ದಾಸ್ತಾನು ಇಡದಿದ್ದರೆ ಶಾಕಲ್ಟನ್ ಸಾಯುತ್ತಾನೆ ಎಂಬುದೊಂದೇ ಅವರ ತಲೆಯಲ್ಲಿದ್ದದ್ದು. 1916ರ ಜನವರಿ ಕೊನೆಯ ಹೊತ್ತಿಗೆ ಬಿಯರ್ಡ್‌ಮೋರ್ ಹಿಮನದಿಯ ಬುಡದವರೆಗೂ ದಾಸ್ತಾನು ಇಟ್ಟರು. ವಾಪಸು ಬರುವಾಗ ಸ್ಕರ್ವಿ ಹಿಡಿದು ನಿಲ್ಲಲಾಗದ ಅರ್ನಾಲ್ಡ್ ಸ್ಪೆನ್ಸರ್-ಸ್ಮಿತ್ ಎಂಬ ಪಾದ್ರಿಯನ್ನು ವಾರಗಟ್ಟಲೆ ಜಾರುಬಂಡಿಯಲ್ಲಿ ಎಳೆದರು. ಆಸರೆ ಹತ್ತಿರವಾದಾಗ, ಮಾರ್ಚ್ 9ರಂದು, ಆತ ತೀರಿಕೊಂಡ. ಎರಡು ತಿಂಗಳಾದ ಮೇಲೆ ಮ್ಯಾಕಿಂಟಾಷ್ ಮತ್ತು ವಿಕ್ಟರ್ ಹೇವರ್ಡ್ ಇನ್ನೂ ಗಟ್ಟಿಯಾಗದ ಸಮುದ್ರದ ಹಿಮದ ಮೇಲೆ ನಡೆದುಹೋದರು, ಮರಳಲಿಲ್ಲ.

ಅವರು ಇಟ್ಟ ಆಹಾರವನ್ನು ಯಾರೂ ತಿನ್ನಲಿಲ್ಲ. ಅದನ್ನು ತಿನ್ನಬೇಕಾದವನು ಖಂಡದ ಆಚೆ ಬದಿಯಲ್ಲಿ ನೆಲದ ಮೇಲೆ ಕಾಲನ್ನೇ ಇಟ್ಟಿರಲಿಲ್ಲ.

ಹಾಗಾದರೆ 'ಒಬ್ಬನೂ ಸಾಯಲಿಲ್ಲ' ಎಂಬ ವಾಕ್ಯಕ್ಕೆ ಏನು ಅರ್ಥ ಉಳಿಯಿತು? ಒಂದೇ ಯಾತ್ರೆಯ, ಒಬ್ಬನೇ ನಾಯಕನ, ಒಂದೇ ಖಜಾನೆಯ ಎರಡು ತಂಡಗಳಲ್ಲಿ ಒಂದನ್ನು ಲೆಕ್ಕಕ್ಕೆ ಹಿಡಿದು ಇನ್ನೊಂದನ್ನು ಬಿಟ್ಟರೆ ಅಂಥ ವಾಕ್ಯ ಸಿಗುತ್ತದೆ. ನಾಯಕ ಎದುರಿಗಿದ್ದಾಗ ಅವನ ಜನ ಹೇಗಿರುತ್ತಾರೆ ಎಂಬುದನ್ನು ವೆಡೆಲ್ ಸಮುದ್ರ ತೋರಿಸಿತು. ಎದುರಿಗಿಲ್ಲದಾಗ, ಅವನ ಏರ್ಪಾಡುಗಳನ್ನೇ ನಂಬಿಕೊಂಡ ದೂರದ ಜನ ಏನಾಗುತ್ತಾರೆ ಎಂಬುದನ್ನು ರಾಸ್ ಸಮುದ್ರ ತೋರಿಸಿತು. ಪುಣೆಯಲ್ಲಿ ಕೂತು ಮೂರು ದೇಶಗಳ ತಂಡಗಳನ್ನು ನಡೆಸುವವರಿಗೆ ಎರಡನೆಯದೇ ಹೆಚ್ಚು ಹತ್ತಿರದ ಪಾಠ. ಅದನ್ನೇ ಬಿಡುತ್ತಾರೆ.

ಬಡಗಿ ಹ್ಯಾರಿ ಮೆಕ್‌ನಿಷ್ ಕೂಡ ಬಿಟ್ಟುಹೋದವನೇ. 'ಜೇಮ್ಸ್ ಕೇರ್ಡ್' ಎಂಬ ಆ ದೋಣಿಯ ಅಂಚನ್ನು ಎತ್ತರಿಸಿ, ಮೇಲೆ ಹಲಗೆ-ಕ್ಯಾನ್ವಾಸ್ ಹೊದಿಸಿ ತೆರೆಗಳಿಗೆ ಜಗ್ಗದಂತೆ ಮಾಡಿದ್ದು ಅವನ ಕೈ. ಆದರೆ ಹಿಮದ ಮೇಲೆ ದೋಣಿ ಎಳೆಯುವಾಗ, ಹಡಗೇ ಹೋದ ಮೇಲೆ ಅದರ ಕರಾರು ಎಲ್ಲಿಯದು ಎಂದು ಒಮ್ಮೆ ಎದುರು ನಿಂತಿದ್ದ. ದೋಣಿಯಾತ್ರೆಯಲ್ಲಿ ಜೊತೆಗೇ ಇದ್ದು ಜೀವ ಪಣಕ್ಕಿಟ್ಟರೂ ಶಾಕಲ್ಟನ್ ಅವನ ಹೆಸರನ್ನು ಪೋಲಾರ್ ಪದಕಕ್ಕೆ ಶಿಫಾರಸು ಮಾಡಲಿಲ್ಲ. ಹಾಗೆ ಪದಕ ಕೈತಪ್ಪಿದವರು ನಾಲ್ವರು. ಅಷ್ಟು ಉದಾರಿಯಾಗಿದ್ದ ಮನುಷ್ಯ ಈ ಒಂದು ಜಾಗದಲ್ಲಿ ಏಕೆ ಅಷ್ಟು ಗಡುಸಾದ ಎಂಬ ಪ್ರಶ್ನೆ ತರಬೇತಿ ಕೋಣೆಯಲ್ಲಿ ಒಂದು ಗಂಟೆಯ ಚರ್ಚೆಗೆ ಸಾಕು. ಹಡಗಿನ ವಿಷಯವೂ ಹಾಗೆಯೇ. 'ಎಂಡ್ಯೂರೆನ್ಸ್' ಆ ಕಾಲದ ಅತಿ ಗಟ್ಟಿ ಹಡಗು, ಪ್ರಕೃತಿಯ ಮುಂದೆ ಸೋತಿತು ಎಂದು ಹೇಳುತ್ತಾರೆ. ಅದರ ಅವಶೇಷ 2022ರ ಮಾರ್ಚ್‌ನಲ್ಲಿ ಸುಮಾರು 3,000 ಮೀಟರ್ ಆಳದಲ್ಲಿ ಸಿಕ್ಕಿತು. ಆ ಶೋಧದಲ್ಲಿದ್ದ ಫಿನ್‌ಲೆಂಡ್‌ನ ಯೂಕಾ ಟುಹ್ಕುರಿ 2025ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಮದ ಒತ್ತಡ ತಡೆಯುವ ಓರೆ ತೊಲೆಗಳು ಆ ಹಡಗಿನಲ್ಲಿ ಇರಲಿಲ್ಲ, ಮತ್ತು ಅದು ಶಾಕಲ್ಟನ್‌ಗೆ ಗೊತ್ತಿತ್ತು. ಇನ್ನು, ಅಪಾಯದ ಪಯಣಕ್ಕೆ ಜನ ಬೇಕೆಂದು ಅವನು ಕೊಟ್ಟನೆಂದು ಪ್ರತಿ ತರಬೇತಿಯಲ್ಲೂ ತೋರಿಸುವ ಆ ಪತ್ರಿಕಾ ಜಾಹೀರಾತು: ಅದರ ಮೂಲ ಪ್ರತಿ ಎಷ್ಟು ಹುಡುಕಿದರೂ ಯಾರಿಗೂ ಸಿಕ್ಕಿಲ್ಲ. ಇಲ್ಲದ ಜಾಹೀರಾತಿನಿಂದ ನೇಮಕಾತಿಯ ಪಾಠ ಹೇಳುವುದು ನಿಲ್ಲಬೇಕು.

ಬದುಕುಳಿದವರ ಕಥೆ ನಮ್ಮನ್ನು ಸುಲಭವಾಗಿ ಗೆಲ್ಲುತ್ತದೆ. ಸೈಬೀರಿಯಾದ ಸೆರೆಯಿಂದ ತಪ್ಪಿಸಿಕೊಂಡು ಭಾರತದವರೆಗೆ ನಡೆದು ಬಂದವರ ಕಥೆಯನ್ನು ಪೂರ್ಣಚಂದ್ರ ತೇಜಸ್ವಿ 'ಮಹಾಪಲಾಯನ'ವಾಗಿ ಕನ್ನಡಕ್ಕೆ ತಂದಾಗ ನಮ್ಮಲ್ಲಿ ಎಷ್ಟು ಜನ ಅದನ್ನು ಒಂದೇ ಉಸಿರಿಗೆ ಓದಿದರು! ಆದರೆ ಮೂಲ ಲೇಖಕ ಸ್ಲಾವೊಮಿರ್ ರಾವಿಚ್ ತಪ್ಪಿಸಿಕೊಂಡಿರಲೇ ಇಲ್ಲ, 1942ರಲ್ಲಿ ಬಿಡುಗಡೆಯಾಗಿ ಇರಾನಿಗೆ ಸಾಗಿಸಲ್ಪಟ್ಟಿದ್ದ ಎಂಬ ದಾಖಲೆಗಳು 2006ರಲ್ಲಿ ಬೆಳಕಿಗೆ ಬಂದವು. ತೇಜಸ್ವಿಯವರ ಕನ್ನಡದ ಸೊಗಸು ಇದರಿಂದ ಕಡಿಮೆಯಾಗುವುದಿಲ್ಲ. ನಾನು ಈಗಲೂ ಆ ಪುಸ್ತಕವನ್ನು ಕಿರಿಯರ ಕೈಗೆ ಕೊಡುತ್ತೇನೆ. ಆದರೆ ಅದನ್ನು ಹಿಡಿದು ಇನ್ನೊಬ್ಬರ ಬದುಕಿನ ತೀರ್ಮಾನಗಳನ್ನು ಅಳೆಯುವುದಕ್ಕೆ ಹೊರಟರೆ ಕಥೆ ಸಾಲದು, ದಾಖಲೆ ಬೇಕು.

ದಾಖಲೆಯ ಮಾತು ಬಂದಾಗ ರಾಬರ್ಟ್ ಸ್ಕಾಟ್ ಬಳಿಗೆ ಬರಲೇಬೇಕು. ತರಬೇತಿಗಳಲ್ಲಿ ಅವನಿಗೆ ಸಿಗುವುದು ಸೋತವನ ಪಾತ್ರ. ಒಂದು ಕಡೆ ಲೆಕ್ಕಾಚಾರದ ಅಮುಂಡ್ಸೆನ್, ಇನ್ನೊಂದು ಕಡೆ ಭಾವುಕ ಸ್ಕಾಟ್. ಒಬ್ಬ 1911ರ ಡಿಸೆಂಬರ್ 14ರಂದು ದಕ್ಷಿಣ ಧ್ರುವ ಮುಟ್ಟಿ ಐವರನ್ನೂ ವಾಪಸು ಕರೆತಂದ, ಇನ್ನೊಬ್ಬ 1912ರ ಜನವರಿ 17ರಂದು ಮುಟ್ಟಿ ಐವರನ್ನೂ ಕಳೆದುಕೊಂಡ. ಈ ಹೋಲಿಕೆಯಲ್ಲಿ ಸತ್ಯ ಇಲ್ಲವೆಂದಲ್ಲ. ಸೀಮೆಎಣ್ಣೆ ಡಬ್ಬಿಯ ಉದಾಹರಣೆ ಒಂದೇ ಸಾಕು. ಸ್ಕಾಟ್ ದಾಸ್ತಾನುಗಳಲ್ಲಿ ಇಟ್ಟ ಡಬ್ಬಿಗಳ ಬಿರಡೆಗೆ ಚರ್ಮದ ವಾಷರ್ ಇತ್ತು. ವಿಪರೀತ ಚಳಿಗೆ ಆ ಚರ್ಮ ಕೆಟ್ಟು ಸಂದಿ ಬಿಟ್ಟಿತು, ಎಣ್ಣೆ ಆವಿಯಾಗಿ ಸೋರಿತು. ಸೋತು ಬಂದವರು ಡಬ್ಬಿ ಎತ್ತಿದರೆ ಅದು ಹಗುರ. ಎಣ್ಣೆ ಕಡಿಮೆಯಾದರೆ ಬಿಸಿ ಊಟವಷ್ಟೇ ಅಲ್ಲ, ಕುಡಿಯುವ ನೀರೂ ಕಡಿಮೆ. ಅಲ್ಲಿ ನೀರೆಂದರೆ ಕರಗಿಸಿದ ಹಿಮವೇ. ಅಮುಂಡ್ಸೆನ್ ತನ್ನ ಡಬ್ಬಿಗಳಿಗೆ ಬೆಸುಗೆ ಹಾಕಿಸಿದ್ದ. ದಾಸ್ತಾನಿನ ಎರಡೂ ಬದಿಗೆ ದಾರಿಗೆ ಅಡ್ಡಲಾಗಿ ಕಿಲೋಮೀಟರ್‌ಗಟ್ಟಲೆ ಬಾವುಟಗಳ ಸಾಲು ನೆಟ್ಟಿದ್ದ, ಮಂಜಿನಲ್ಲಿ ದಾರಿ ತಪ್ಪಿದರೂ ಯಾವುದಾದರೊಂದು ಬಾವುಟ ಸಿಗಲಿ ಎಂದು.

ಸ್ಕಾಟ್‌ನ ಇನ್ನೊಂದು ತೀರ್ಮಾನ ಇದಕ್ಕಿಂತ ದುಬಾರಿಯಾಯಿತು. ಅವನ ಇಡೀ ವ್ಯವಸ್ಥೆ ನಾಲ್ಕು ಜನರ ಲೆಕ್ಕದ್ದು: ಡೇರೆ ನಾಲ್ವರಿಗೆ, ಆಹಾರದ ಚೀಲ ನಾಲ್ವರಿಗೆ, ಎಣ್ಣೆ ನಾಲ್ವರಿಗೆ. ಧ್ರುವ ಇನ್ನು ಸುಮಾರು 270 ಕಿ.ಮೀ. ಇದೆ ಎನ್ನುವಾಗ, 1912ರ ಜನವರಿ ಮೊದಲ ವಾರದಲ್ಲಿ, ಹೆನ್ರಿ ಬವರ್ಸ್‌ನನ್ನು ಐದನೆಯವನಾಗಿ ಸೇರಿಸಿಕೊಂಡ. ಬವರ್ಸ್ ಬಳಿ ಸ್ಕೀ ಕೂಡ ಇರಲಿಲ್ಲ. ಕೆಲ ದಿನಗಳ ಹಿಂದೆಯಷ್ಟೇ ಅವನ ಗುಂಪು ಸ್ಕೀಗಳನ್ನು ದಾರಿಯಲ್ಲಿ ಬಿಟ್ಟು ಬಂದಿತ್ತು. ಅವನಿಲ್ಲದೆ ಮೂವರಾಗಿ ಹಿಂದಿರುಗಿದ ಆ ಗುಂಪಿನವರು ಪ್ರತಿ ದಾಸ್ತಾನಿನಲ್ಲೂ ನಾಲ್ವರ ಚೀಲ ಬಿಚ್ಚಿ ತಮ್ಮ ಪಾಲು ತೆಗೆದುಕೊಂಡು ಉಳಿದದ್ದನ್ನು ಕಟ್ಟಿಡಬೇಕಾಯಿತು. ಐವರಿಗೆ ಅಡುಗೆ ಮಾಡಲು ದಿನಾ ಅರ್ಧ ಗಂಟೆ ಹೆಚ್ಚು ಬೇಕು, ಅಷ್ಟು ಎಣ್ಣೆ ಹೆಚ್ಚು ಬೇಕು. ಕಷ್ಟಪಟ್ಟು ದುಡಿದವನಿಗೆ ಧ್ರುವ ಕಾಣುವ ಭಾಗ್ಯ ಸಿಗಲಿ ಎಂಬ ಒಳ್ಳೆಯ ಮನಸ್ಸಿನಿಂದ ಇರಬಹುದು, ಇನ್ನೊಬ್ಬ ಬಲಶಾಲಿ ಜೊತೆಗಿರಲಿ ಎಂಬ ಲೆಕ್ಕದಿಂದ ಇರಬಹುದು. ವ್ಯವಸ್ಥೆ ಮಾತ್ರ ಅದನ್ನು ತಾಳಲಿಲ್ಲ.

ಅಮುಂಡ್ಸೆನ್‌ನನ್ನು ಮಾದರಿಯೆಂದು ತೋರಿಸುವವರು 1911ರ ಸೆಪ್ಟೆಂಬರ್ ತಿಂಗಳನ್ನು ಹಾರಿಸಿಬಿಡುತ್ತಾರೆ. ಸ್ಕಾಟ್ ಮುಂದಾದರೆ ಎಂಬ ಆತಂಕದಲ್ಲಿ ಅವನು ಚಳಿಗಾಲ ಮುಗಿಯುವ ಮೊದಲೇ ಹೊರಟ. ಶೂನ್ಯಕ್ಕಿಂತ 50 ಡಿಗ್ರಿ ಕೆಳಗಿನ ಚಳಿ ಬಡಿಯಿತು. ಹಿಂದಿರುಗುವಾಗ ಶಿಸ್ತು ಕುಸಿದು ಪ್ರತಿಯೊಬ್ಬರೂ ತಮ್ಮ ತಮ್ಮ ನಾಯಿಬಂಡಿ ಓಡಿಸಿದರು; ನಾಯಕನೇ ಮುಂದೆ ಹೋದ. ಹಿಂದುಳಿದು ಹಿಮದಲ್ಲಿ ಸಾಯುತ್ತಿದ್ದ ಪ್ರೆಸ್‌ಟ್ರುಡ್‌ನನ್ನು ಯಾಲ್ಮಾರ್ ಯೋಹಾನ್ಸೆನ್ ಎಂಬ ಅನುಭವಿ ಬದುಕಿಸಿ ತಂದ. ಮರುದಿನ ಎಲ್ಲರ ಮುಂದೆ ನಾಯಕನನ್ನು ತರಾಟೆಗೆ ತೆಗೆದುಕೊಂಡ. ಅಮುಂಡ್ಸೆನ್ ಅವನನ್ನು ಧ್ರುವದ ತಂಡದಿಂದಲೇ ತೆಗೆದುಹಾಕಿದ. 1913ರ ಜನವರಿಯಲ್ಲಿ ಯೋಹಾನ್ಸೆನ್ ಆತ್ಮಹತ್ಯೆ ಮಾಡಿಕೊಂಡ. ನಿಜ ಹೇಳಿದವನಿಗೆ ಗೆದ್ದ ಯಾತ್ರೆಯಲ್ಲಿ ಇಂಥ ಗತಿ ಬಂತು ಎಂಬುದನ್ನು 'ಸಾಧಕನ ಲಕ್ಷಣ'ಗಳ ಪಟ್ಟಿಯ ಪಕ್ಕದಲ್ಲಿ ಬರೆಯಲೇಬೇಕು.

ಈಗ ಪುಣೆಗೆ ಬರುತ್ತೇನೆ. ಶಿವಾಜಿನಗರದಲ್ಲಿ 'ಸಿಮ್ಲಾ ಆಫೀಸ್' ಎಂದರೆ ಯಾವ ರಿಕ್ಷಾದವರೂ ಕರೆದೊಯ್ಯುವ, ಗಡಿಯಾರದ ಗೋಪುರವಿರುವ ಹವಾಮಾನ ಇಲಾಖೆಯ ಕಟ್ಟಡವಿದೆ. ಭಾರತ ಹವಾಮಾನ ಇಲಾಖೆ ಶುರುವಾದದ್ದು 1875ರಲ್ಲಿ, ಕಲ್ಕತ್ತೆಯಲ್ಲಿ. ಕೇಂದ್ರ ಕಚೇರಿ 1905ರಲ್ಲಿ ಸಿಮ್ಲಾಕ್ಕೆ, 1928ರಲ್ಲಿ ಪುಣೆಗೆ, 1944ರಲ್ಲಿ ದೆಹಲಿಗೆ ಹೋಯಿತು. ಆ ಇಲಾಖೆಯಲ್ಲಿ 1906ರಿಂದ ಕೆಲಸಕ್ಕಿದ್ದವನು ಜಾರ್ಜ್ ಸಿಂಪ್ಸನ್. ಗಿಲ್ಬರ್ಟ್ ವಾಕರ್ ಅವನ ಮೇಲಧಿಕಾರಿ. ಸ್ಕಾಟ್ ತನ್ನ 'ಟೆರಾ ನೋವಾ' ಯಾತ್ರೆಗೆ ಹವಾಮಾನ ತಜ್ಞ ಬೇಕೆಂದಾಗ ಸಿಂಪ್ಸನ್ ಈ ಇಲಾಖೆಯಿಂದಲೇ ಎರವಲು ಹೋದ. ಕೇಪ್ ಇವಾನ್ಸ್ ಗುಡಿಸಲ ಪಕ್ಕದ ದಿಬ್ಬದ ಮೇಲೆ ಉಷ್ಣತೆ, ಗಾಳಿ, ಒತ್ತಡ ಅಳೆಯುವ ಯಂತ್ರಗಳನ್ನು ಹೂಡಿದ. ಬಲೂನು ಹಾರಿಸಿ ಮೇಲಿನ ಗಾಳಿಯ ಉಷ್ಣತೆ ಹಿಡಿದ. ಆ ಯಾತ್ರೆಗೆ ಭಾರತದ ನಂಟು ಇನ್ನೂ ಇತ್ತು: ಬವರ್ಸ್ ರಾಯಲ್ ಇಂಡಿಯನ್ ಮರೀನ್‌ನ ಅಧಿಕಾರಿ, ಎರಡನೆಯ ವರ್ಷಕ್ಕೆ ಭಾರತ ಸರ್ಕಾರ ಕಳಿಸಿದ ಏಳು ಹೇಸರಗತ್ತೆಗಳಲ್ಲಿ ಲಾಲ್ ಖಾನ್, ಗುಲಾಬ್, ಬೇಗಂ, ಅಬ್ದುಲ್ಲಾ ಎಂಬ ಹೆಸರಿನವು ಇದ್ದವು. 1912ರ ನವೆಂಬರ್ 12ರಂದು ಸ್ಕಾಟ್‌ನ ಡೇರೆಯನ್ನು ಕಂಡುಹಿಡಿದ ಹುಡುಕಾಟದ ತಂಡದ ಜೊತೆ ನಡೆದವು ಈ ಹೇಸರಗತ್ತೆಗಳೇ.

ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ಅತ್ಯಂತ ಕಲಿಯಬೇಕಾದ ಘಟ್ಟ 1912ರ ಫೆಬ್ರುವರಿಯ ಕೊನೆಯ ವಾರದ್ದು. ಸ್ಕಾಟ್ ತಂಡ ಧ್ರುವದಿಂದ ವಾಪಸಾಗುತ್ತಿದೆ. ಅವರನ್ನು ಎದುರುಗೊಳ್ಳಲು ನಾಯಿಬಂಡಿ ಹೋಗಬೇಕು. ಹೋಗಬೇಕಿದ್ದವನು ವೈದ್ಯ ಅಟ್ಕಿನ್ಸನ್. ಅಷ್ಟರಲ್ಲಿ ಹಿಂದಿರುಗುತ್ತಿದ್ದ ಮೂವರ ಪೈಕಿ ಲೆಫ್ಟಿನೆಂಟ್ ಇವಾನ್ಸ್ ಸ್ಕರ್ವಿಯಿಂದ ಸಾಯುವ ಸ್ಥಿತಿ ತಲುಪಿದ್ದ. ಟಾಮ್ ಕ್ರೀನ್ ಒಬ್ಬನೇ ಐವತ್ತಕ್ಕೂ ಹೆಚ್ಚು ಕಿ.ಮೀ. ನಡೆದು ಬಂದು ಸುದ್ದಿ ಮುಟ್ಟಿಸಿದ. ಅಟ್ಕಿನ್ಸನ್ ರೋಗಿಯನ್ನು ಬಿಟ್ಟು ಕದಲುವಂತಿರಲಿಲ್ಲ. ಉಳಿದವರು ಇಬ್ಬರು: ದಿಕ್ಕು-ಅಕ್ಷಾಂಶ ಲೆಕ್ಕ ಹಾಕಬಲ್ಲ ಚಾರ್ಲ್ಸ್ ರೈಟ್, ಮತ್ತು ಅದು ಗೊತ್ತಿಲ್ಲದ, ಕಣ್ಣು ಬಹಳ ಮಂದವಾದ ಆಪ್‌ಸ್ಲಿ ಚೆರಿ-ಗರಾರ್ಡ್. ರೈಟ್ ಹೋಗಬಹುದಿತ್ತು. ಆದರೆ ಭಾರತದ ಇಲಾಖೆಯಿಂದ ಸಿಂಪ್ಸನ್‌ಗೆ ವಾಪಸು ಕರೆ ಬಂದಿತ್ತು. ಅವನು ಹಡಗು ಹತ್ತುವವನಿದ್ದ, ಹವಾಮಾನದ ದಾಖಲೆ ಮುಂದುವರಿಸಲು ರೈಟ್ ಗುಡಿಸಲಲ್ಲೇ ಉಳಿಯಬೇಕೆಂದು ಪಟ್ಟು ಹಿಡಿದ. ಹೀಗೆ ಚೆರಿ-ಗರಾರ್ಡ್, ರಷ್ಯನ್ ಹುಡುಗ ದಿಮಿತ್ರಿ ಜೊತೆ, ನಾಯಿಗಳನ್ನು ಕಟ್ಟಿಕೊಂಡು ಹೊರಟ.

ಅವರು 'ಒನ್ ಟನ್' ಎಂಬ ದೊಡ್ಡ ದಾಸ್ತಾನನ್ನು ಮಾರ್ಚ್ ಮೊದಲ ವಾರದಲ್ಲಿ ಮುಟ್ಟಿದರು. ಅಲ್ಲಿ ನಾಯಿಗಳಿಗೆ ಆಹಾರ ಇರಬೇಕಿತ್ತು, ಇರಲಿಲ್ಲ. ಮುಂದಿನ ವರ್ಷಕ್ಕೆ ನಾಯಿಗಳನ್ನು ಉಳಿಸಿಕೊಳ್ಳಬೇಕೆಂಬ ಸ್ಕಾಟ್‌ನ ಆದೇಶ ಬೇರೆ ಇತ್ತು. ಹಿಮಗಾಳಿಯಲ್ಲಿ ಮುಂದೆ ಹೋದರೆ ಬರುವವರನ್ನು ತಪ್ಪಿಸಿಕೊಳ್ಳುವ ಭಯ. ಆರೇಳು ದಿನ ಕಾದು, ಮಾರ್ಚ್ 10ರಂದು ಹಿಂದಿರುಗಿದರು. ಆಗ ಐವರಲ್ಲಿ ಉಳಿದಿದ್ದ ಸ್ಕಾಟ್, ವಿಲ್ಸನ್, ಬವರ್ಸ್, ಓಟ್ಸ್ ಅಲ್ಲಿಂದ ಸುಮಾರು 100 ಕಿ.ಮೀ. ದಕ್ಷಿಣಕ್ಕೆ ಇನ್ನೂ ನಡೆಯುತ್ತಿದ್ದರು. ಚೆರಿ-ಗರಾರ್ಡ್ ಬದುಕಿಡೀ ಈ ನೆನಪಿನಲ್ಲಿ ಬೆಂದ. 1922ರಲ್ಲಿ ಬಂದ ಅವನ ಪುಸ್ತಕ ಧ್ರುವಸಾಹಿತ್ಯದಲ್ಲಿ ಇವತ್ತಿಗೂ ಮೊದಲ ಸಾಲಿನದು. ರೈಟ್ ಹೋಗಿದ್ದರೆ ಅವರು ಬದುಕುತ್ತಿದ್ದರು ಎಂದು ನಾನು ಹೇಳುತ್ತಿಲ್ಲ. ನಾಯಿಗಳ ಆಹಾರವಿಲ್ಲದೆ ಅವನಿಗೂ ಹೆಚ್ಚು ದೂರ ಹೋಗಲಾಗುತ್ತಿರಲಿಲ್ಲ. ನಾನು ಎತ್ತಿ ತೋರಿಸುವುದು ಇಷ್ಟು: ಒಬ್ಬನ ಕಾಯಿಲೆ, ಸಮುದ್ರದಾಚೆಯ ಇಲಾಖೆಯೊಂದರ ಕರೆ, ಜಾರಿಯಾಗದ ಒಂದು ಹಳೆಯ ಆದೇಶ, ಇವೆಲ್ಲ ಒಂದೇ ವಾರದಲ್ಲಿ ಒಂದೇ ಜಾಗದಲ್ಲಿ ಕೂಡಿಕೊಂಡವು, ಅವನ್ನು ಬಿಡಿಸಬೇಕಾದ ನಾಯಕ ನೂರಾರು ಕಿಲೋಮೀಟರ್ ದೂರದಲ್ಲಿದ್ದ. ಸ್ಕಾಟ್‌ನ ನಾಯಕತ್ವವನ್ನು ಟೀಕಿಸುವುದಾದರೆ ಅವನ ಭಾವುಕತೆಯನ್ನಲ್ಲ, ಇದನ್ನು ಹಿಡಿಯಬೇಕು. ತಾನಿಲ್ಲದಾಗ ಯಾರು ಯಾವುದನ್ನು ಬದಲಿಸಬಹುದು, ಯಾವುದನ್ನು ಬದಲಿಸಬಾರದು ಎಂಬುದು ಅವನ ಜನರಿಗೆ ಸ್ಪಷ್ಟವಿರಲಿಲ್ಲ.

ರೈಟ್ ಗುಡಿಸಲಲ್ಲಿ ಉಳಿದದ್ದು ವ್ಯರ್ಥವಾಗಲಿಲ್ಲ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಆ ದಾಖಲೆಗಳನ್ನು ಸಿಂಪ್ಸನ್ ಭಾರತಕ್ಕೆ ತಂದು ವರ್ಷಗಟ್ಟಲೆ ಕೆಲಸ ಮಾಡಿದ; ಸ್ಕಾಟ್ ಯಾತ್ರೆಯ ಹವಾಮಾನ ಗ್ರಂಥದ ಮೊದಲ ಸಂಪುಟಗಳು 1919ರಲ್ಲಿ ಅಚ್ಚಾದದ್ದು ಕಲ್ಕತ್ತೆಯಲ್ಲಿ. ಆ ಮಾರ್ಚ್‌ನ ಚಳಿ ಅಸಾಧಾರಣವಾಗಿತ್ತು ಎಂದು ಅವನು ಆಗಲೇ ವಾದಿಸಿದ್ದ. ಅಮೆರಿಕದ ವಿಜ್ಞಾನಿ ಸೂಸನ್ ಸಾಲೊಮನ್ 1999ರಲ್ಲಿ ಚಾರ್ಲ್ಸ್ ಸ್ಟರ್ನ್ಸ್ ಅವರೊಡನೆ ಬರೆದ ಪ್ರಬಂಧದಲ್ಲಿ, ಆಮೇಲೆ 2001ರ ತಮ್ಮ ಪುಸ್ತಕದಲ್ಲಿ, ಅದೇ ಅಂಕಿಗಳನ್ನು ಈಗಿನ ಸ್ವಯಂಚಾಲಿತ ಹವಾಮಾನ ಕೇಂದ್ರಗಳ ಅಂಕಿಗಳ ಪಕ್ಕದಲ್ಲಿಟ್ಟರು. ಸ್ಕಾಟ್ ತಂಡ ಸತ್ತ ಜಾಗದ 15 ವರ್ಷಗಳ ಹೊಸ ದಾಖಲೆಯಲ್ಲಿ ಅಂಥ ಚಳಿ ಕಂಡದ್ದು ಒಂದೇ ವರ್ಷ. ಅಷ್ಟು ಚಳಿಯಲ್ಲಿ ಹಿಮ ಮರಳಿನಂತಾಗುತ್ತದೆ: ಜಾರುಬಂಡಿಯ ಕೆಳಗೆ ತೆಳುವಾಗಿ ಕರಗಿ ಜಾರಿಸುವ ನೀರಿನ ಪದರ ಹುಟ್ಟುವುದೇ ಇಲ್ಲ, ಎಳೆಯುವವರ ಶಕ್ತಿ ಅರ್ಧ ದೂರಕ್ಕೇ ಮುಗಿಯುತ್ತದೆ. ಹಾಗೆಂದು ಹವಾಮಾನ ಸ್ಕಾಟ್‌ನನ್ನು ಪೂರ್ತಿ ಬಿಡುಗಡೆ ಮಾಡುವುದಿಲ್ಲ. ಹದಿನೈದು ವರ್ಷಕ್ಕೊಮ್ಮೆ ಬರುವ ಕೆಟ್ಟ ಕಾಲಕ್ಕೂ ಜಾಗ ಬಿಡುವುದೇ ಅಲ್ಲಿ ಸಿದ್ಧತೆ ಎನಿಸಿಕೊಳ್ಳುತ್ತದೆ. ಆದರೆ ಅವನ ತಪ್ಪು ಎಷ್ಟು, ಆಕಾಶದ ಪಾಲು ಎಷ್ಟು ಎಂದು ನಾವು ಇವತ್ತು ಮಾತಾಡಬಲ್ಲೆವಾದರೆ ಅದಕ್ಕೆ ಕಾರಣ ಯಂತ್ರದ ಮುಂದೆ ಹೊತ್ತುಹೊತ್ತಿಗೆ ನಿಂತು ಅಂಕಿ ಬರೆದ ಜನ. ಧ್ರುವದಿಂದ ಮರಳುವಾಗ ಸತ್ತವರೂ ಅಂಥವರೇ. ಕೊನೆಯವರೆಗೂ ಉಷ್ಣತೆ ಬರೆದರು, 16 ಕೆ.ಜಿ. ಕಲ್ಲಿನ ಮಾದರಿಗಳನ್ನು ಎಳೆದರು. ಆ ಕಲ್ಲುಗಳಲ್ಲಿ ಗ್ಲಾಸಾಪ್ಟೆರಿಸ್ ಎಲೆಯ ಪಳೆಯುಳಿಕೆ ಇತ್ತು, ನಾಗಪುರದ ಬಳಿಯ ಕಾಮ್ಠಿಯ ಬಂಡೆಗಳಲ್ಲಿ ಸಿಗುವ ಗಿಡದ ಬಳಗದ್ದೇ. ಅಂಟಾರ್ಕ್ಟಿಕ ಒಮ್ಮೆ ನಮ್ಮ ನೆಲಕ್ಕೆ ಅಂಟಿಕೊಂಡಿತ್ತು ಎಂಬುದಕ್ಕೆ ಅದೊಂದು ಸಾಕ್ಷಿ.

ನಮ್ಮದೇ ಅಂಟಾರ್ಕ್ಟಿಕ ಅನುಭವ ಈ ತರಬೇತಿಗಳಲ್ಲಿ ಒಂದು ಸಾಲಿಗೂ ಬಾರದಿರುವುದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುತ್ತದೆ. ಎಸ್. ಝಡ್. ಕಾಸಿಂ ನೇತೃತ್ವದ 21 ಜನರ ಮೊದಲ ಭಾರತೀಯ ತಂಡ ಅಲ್ಲಿಗೆ ಕಾಲಿಟ್ಟದ್ದು 1982ರ ಜನವರಿಯಲ್ಲಿ. ಹರ್ಷ್ ಗುಪ್ತಾ ನಡೆಸಿದ ಮೂರನೇ ಯಾತ್ರೆ 1983-84ರ ಬೇಸಿಗೆಯಲ್ಲಿ 'ದಕ್ಷಿಣ ಗಂಗೋತ್ರಿ' ನೆಲೆಯನ್ನು ಕಟ್ಟಿತು. ಲೆಫ್ಟಿನೆಂಟ್ ಕರ್ನಲ್ ಸತ್ಯಸ್ವರೂಪ ಶರ್ಮಾ ನೇತೃತ್ವದಲ್ಲಿ 12 ಜನ ಅಲ್ಲಿ ಚಳಿಗಾಲ ಕಳೆದರು, ಸುಮಾರು ಎರಡು ತಿಂಗಳು ಸೂರ್ಯನೇ ಹುಟ್ಟದ ಚಳಿಗಾಲ. ಆ ಯಾತ್ರೆಯಲ್ಲಿದ್ದ ಇಬ್ಬರು ಮಹಿಳೆಯರಲ್ಲಿ ಸಾಗರ ವಿಜ್ಞಾನಿ ಅದಿತಿ ಪಂತ್ ಪುಣೆ ವಿಶ್ವವಿದ್ಯಾಲಯದಲ್ಲಿ ಓದಿದವರು, ಮುಂದೆ ಇಲ್ಲಿನ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರು. ಇನ್ನೊಬ್ಬರು ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ. ತೇಲುವ ಹಿಮಹಾಸಿನ ಮೇಲೆ ಕಟ್ಟಿದ್ದ ದಕ್ಷಿಣ ಗಂಗೋತ್ರಿ ವರ್ಷ ವರ್ಷ ಬೀಳುವ ಹಿಮದಲ್ಲಿ ಹೂತುಹೋಗುತ್ತ ಬಂತು. ಅದನ್ನು ಒಪ್ಪಿಕೊಂಡು ಬಂಡೆಯ ನೆಲದ ಮೇಲೆ 'ಮೈತ್ರಿ'ಯನ್ನು ಕಟ್ಟಿದರು, 1990ರಲ್ಲಿ ಹಳೆಯದನ್ನು ಕೈಬಿಟ್ಟರು. ಜಾಗ ಸರಿಯಿಲ್ಲವೆಂದು ಅರಿತು ಜೀವಹಾನಿಯಾಗುವ ಮೊದಲೇ ಬದಲಾಯಿಸುವ ಈ ಬಗೆಯ ತೀರ್ಮಾನಕ್ಕೆ ಹರ್ಲಿಯ ಚಿತ್ರದಂಥ ಚಿತ್ರ ಸಿಗುವುದಿಲ್ಲ, ಅದಕ್ಕೇ ಅದು ಪಾಠವಾಗುವುದಿಲ್ಲ.

ನಾವು ಜನರನ್ನು ಕಳೆದುಕೊಂಡಿದ್ದೂ ಇದೆ. 1990ರಲ್ಲೇ, ಒಂಬತ್ತನೇ ಯಾತ್ರೆಯ ನಾಲ್ವರು ಹಂಬೋಲ್ಟ್ ಪರ್ವತಗಳ ಶಿಬಿರದಲ್ಲಿ, ಡೇರೆಯೊಳಗೆ ತುಂಬಿಕೊಂಡ ಕಾರ್ಬನ್ ಮೊನಾಕ್ಸೈಡ್‌ನಿಂದ ಸತ್ತರು. ಹಿಮಗಾಳಿಯೂ ಅಲ್ಲ, ಬಿರುಕೂ ಅಲ್ಲ. ಐವತ್ತಾರು ವರ್ಷ ಹಿಂದೆ, 1934ರ ಚಳಿಗಾಲದಲ್ಲಿ, ಅಮೆರಿಕದ ರಿಚರ್ಡ್ ಬರ್ಡ್ ಒಬ್ಬಂಟಿಯಾಗಿ ಉಳಿದ ಗುಡಿಸಲಲ್ಲಿ ಇದೇ ವಿಷಕ್ಕೆ ಸಾವಿನ ಅಂಚಿಗೆ ಹೋಗಿದ್ದ. ತನ್ನನ್ನು ಉಳಿಸಲು ಕತ್ತಲೆಯಲ್ಲಿ ಜನ ಹೊರಟು ಜೀವ ಕಳೆದುಕೊಂಡಾರು ಎಂದು ಕಾಯಿಲೆಯನ್ನು ಮುಚ್ಚಿಟ್ಟಿದ್ದ. ಅವನು ಕಳಿಸುತ್ತಿದ್ದ ಮೋರ್ಸ್ ಸಂದೇಶಗಳು ತಡವರಿಸತೊಡಗಿದಾಗ ನೆಲೆಯಲ್ಲಿದ್ದವರೇ ಅನುಮಾನಪಟ್ಟು ಹೋಗಿ ಉಳಿಸಿದರು. ಬರ್ಡ್‌ನ ಏಕಾಂತದ ಧೈರ್ಯವನ್ನು ಹಾಡಿ ಹೊಗಳುವ ಬದಲು, ಆ ತಡವರಿಕೆಯನ್ನು ಗುರುತಿಸಿದ ರೇಡಿಯೊದವರ ಕಿವಿಯನ್ನು ಹೊಗಳಬೇಕು ಎಂದು ನನಗನಿಸುತ್ತದೆ.

ಈ ತರಬೇತಿಗಳನ್ನು ನಿಲ್ಲಿಸಿ ಎನ್ನುವುದಿಲ್ಲ, ಬದಲಾಯಿಸಿ ಎನ್ನುತ್ತೇನೆ. ಫಲಿತಾಂಶ ಗೊತ್ತಿದ್ದು ನಾಯಕನನ್ನು ತೂಗುವುದು ಬಿಡಿ. ಕಲಿಯಲು ಬಂದವರಿಗೆ 1911ರ ಫೆಬ್ರುವರಿ 17ರ ದಿನವನ್ನು ಕೊಡಿ. ಒನ್ ಟನ್ ದಾಸ್ತಾನನ್ನು 80 ಡಿಗ್ರಿ ಅಕ್ಷಾಂಶದಲ್ಲಿ ಇಡಬೇಕೆಂದು ಯೋಜನೆ. ಅಲ್ಲಿಗೆ ಇನ್ನೂ 55 ಕಿ.ಮೀ. ಇದೆ. ಎಂಟು ಕುದುರೆಗಳೊಡನೆ ಹೊರಟವರು. ಬಳಲಿದ ಮೂರನ್ನು ಆಗಲೇ ಹಿಂದಕ್ಕೆ ಕಳಿಸಿದ್ದಾರೆ, ಉಳಿದವೂ ಚಳಿಗೆ ನಡುಗುತ್ತಿವೆ. ಓಟ್ಸ್ ಹೇಳುತ್ತಾನೆ: ಮುಂದೆ ನಡೆಸೋಣ, ಬಿದ್ದ ಕುದುರೆಯನ್ನು ಕೊಂದು ಮಾಂಸವನ್ನು ಅಲ್ಲೇ ದಾಸ್ತಾನು ಮಾಡೋಣ. ಸ್ಕಾಟ್‌ಗೆ ಆ ಪ್ರಾಣಿಗಳ ಸಂಕಟ ನೋಡಲಾಗುತ್ತಿಲ್ಲ. ಮುಂದಿನ ವರ್ಷಕ್ಕೆ ಅವು ಬೇಕೆಂಬ ಲೆಕ್ಕವೂ ಇದೆ. ಅವನು ಅಲ್ಲೇ ದಾಸ್ತಾನು ಇಟ್ಟು ತಿರುಗಿದ. ಆ ಎಂಟರಲ್ಲಿ ಕೊನೆಗೆ ಉಳಿದದ್ದು ಎರಡೇ ಎಂಬುದನ್ನಾಗಲಿ, ಒಂದು ವರ್ಷದ ಮೇಲೆ ಅವನ ಕೊನೆಯ ಡೇರೆ ಆ ದಾಸ್ತಾನಿಗೆ ಸುಮಾರು 18 ಕಿ.ಮೀ. ದಕ್ಷಿಣಕ್ಕೆ ನಿಂತಿತು ಎಂಬುದನ್ನಾಗಲಿ ಕಲಿಯುವವರಿಗೆ ಹೇಳಬೇಡಿ. ಆ ದಿನ ಸ್ಕಾಟ್‌ಗೆ ಗೊತ್ತಿದ್ದಷ್ಟನ್ನೇ ಕೊಡಿ: ಉಷ್ಣತೆ, ಕುದುರೆಗಳ ಸ್ಥಿತಿ, ಓಟ್ಸ್‌ನ ಮಾತು. ಒಂದು ಗಂಟೆ ಕೊಟ್ಟು ದಾಸ್ತಾನು ಎಲ್ಲಿ ಇಡುತ್ತೀರಿ, ಏಕೆ ಎಂದು ಬರೆಸಿಕೊಳ್ಳಿ.